ನಾಲ್ಕನೇ ಕಾಲಂ

ಹನ್ನೊಂದು ವರ್ಷ ಈ ಮಂಡಕ್ಕಿ ಭಟ್ಟಿಯ ಲೆಕ್ಕ ಬರೆದೆ.
ದಾವಣಗೆರೆಯ ಹಳೇ ಊರಿನಾಚೆ, ತಗಡಿನ ಸೂರಿನ ಕೆಳಗೆ
ಬೆಳಗಿನ ನಾಲ್ಕಕ್ಕೇ ಮರಳು ಕಾಯುತ್ತದೆ,
ಹೊಟ್ಟಿನ ಬೆಂಕಿ ತನ್ನಷ್ಟಕ್ಕೆ ಗೊಣಗುತ್ತದೆ.
ನನ್ನ ಪುಸ್ತಕದಲ್ಲಿ ನಾಲ್ಕು ಕಾಲಂ:
ತಾರೀಕು, ಚೀಲ, ನಷ್ಟ,
ಯಾರಿಂದ.

ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹದ.
ದುರುಗೇಶ ತೊಟ್ಟಿಗೆ ಕೈ ಇಳಿಸಿ
ಭತ್ತವನ್ನು ಉಗುರಲ್ಲಿ ಒತ್ತಿ 'ಹದ ಬಂತು' ಅನ್ನುತ್ತಾನೆ.
ಹಾಲಮ್ಮ ಉಪ್ಪುನೀರು ಬೆರೆಸಿದ ಅಕ್ಕಿಯನ್ನು
ನಾಲಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, 'ಹದ'.
ಫಕೃದ್ದೀನ್ ಚಾಚಾ ಮುಟ್ಟುವುದಿಲ್ಲ, ರುಚಿ ನೋಡುವುದೂ ಇಲ್ಲ,
ಬಾಣಲೆಯ ಕಡೆ ಕಿವಿಯಷ್ಟೇ ಕೊಟ್ಟು
ಮರಳಿನ ಸದ್ದು ತೆಳ್ಳಗಾದಾಗ ಅಕ್ಕಿ ಸುರಿಯುತ್ತಾನೆ.
ಮೂರು ಹದ, ಎರಡೇ ಅಕ್ಷರ.
ಒಂದು ಇನ್ನೊಂದನ್ನು ಕಂಡಿರಲಿಲ್ಲ.
ನಡುವೆ ಒಂದು ಗೋಡೆ, ಒಂದು ಅಂಗಳ, ನನ್ನ ಮೇಜು.

ಆಷಾಢದಲ್ಲಿ ರಾಣೆಬೆನ್ನೂರಿನಿಂದ
ಹದಿನೇಳು ಚೀಲ ವಾಪಸ್ ಬಂದವು. ಬಾಡಿಗೆಯೂ ನಮ್ಮದೇ.
ದಸ್ತಗೀರ್ ಸಾಹುಕಾರರು ಹುಬ್ಬಳ್ಳಿಯಲ್ಲಿ ಬರೆಸಿದ
ಬೋರ್ಡು ತಂದು ತೂಗುಹಾಕಿದರು: 'ನಾವೆಲ್ಲ ಒಂದೇ ಕುಟುಂಬ.'
ಹಾಲಮ್ಮ ಓದಿಸಿಕೊಂಡು ಕೇಳಿದಳು,
'ಕುಟುಂಬದಾಗ ಪಗಾರ ಹಿಡೀತಾರೇನ್ರಿ?'
ಯಾರೂ ನಗಲಿಲ್ಲ.
ನಾನು ಪೆನ್ನಿನ ಮುಚ್ಚಳ ಹುಡುಕಿದೆ.

ಮಧ್ಯಾಹ್ನ ಚಾಚಾ ಒಂದು ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರುವಿದ.
'ಬರ್ರಿ, ಇದನ್ನ ಓದೋಣು.'
ಸುತ್ತ ಕುಂತೆವು. ಅರಳದ ಒಂದು ಕಾಳನ್ನು
ದುರುಗೇಶ ಹಲ್ಲಲ್ಲಿ ಕಡಿದು ಅಂಗೈಯಲ್ಲಿ ತೋರಿಸಿದ:
ನಡುವೆ ಸುಣ್ಣದಂಥ ಚುಕ್ಕೆ. 'ನೀರು ಒಳಗ ಹೋಗಿಲ್ಲ.'
ಹೇಳಿದ ಮೇಲೆ ನನ್ನ ಕಡೆ ನೋಡಿದ,
ಡಬಲ್ ರೈಡಿಂಗಿನಲ್ಲಿ ಪೊಲೀಸಿಗೆ ಸಿಕ್ಕ ಹುಡುಗನ ಹಾಗೆ.

ಆಮೇಲೆ ಒಂದೊಂದೇ ಹೊರಬಿತ್ತು.
ಭತ್ತ ಹಳೆಯದು, ಇನ್ನೊಂದು ತಾಸು ಬೇಕೆಂದು ಅವನಿಗೆ ಗೊತ್ತಿತ್ತು.
ಅಕ್ಕಿ ಉಪ್ಪು ಕುಡಿಯುತ್ತಿಲ್ಲವೆಂದು ಹಾಲಮ್ಮನಿಗೆ.
ಮರಳಿಗೆ ಬಿದ್ದದ್ದು ಬೇರೆಯೇ ಸದ್ದು ಮಾಡಿತೆಂದು ಚಾಚಾನಿಗೆ.
ಎಲ್ಲರಿಗೂ ಗೊತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.
ಬಾಯಿ ಬಿಟ್ಟವರ ಹೆಸರೇ ಮೊದಲು ಬರುತ್ತಿತ್ತಲ್ಲ,
ನನ್ನ ದುಂಡು ಅಕ್ಷರದಲ್ಲಿ.

ಆ ಸಂಜೆ ನಾಲ್ಕನೇ ಕಾಲಂನ ತಲೆಬರಹ ಹೊಡೆದುಹಾಕಿ
'ಏನಾಯ್ತು' ಎಂದು ಬರೆದೆ.
ಸಾಹುಕಾರರು ಕನ್ನಡಕ ಏರಿಸಿದರು.
'ಹಂಗಾದ್ರೆ ಪಗಾರ ಯಾರ್ದು ಹಿಡೀಬೇಕು?'
'ಚೀಲದ್ದು ಹಿಡೀರಿ' ಅಂದೆ. ಎಲ್ಲಿಂದ ಬಂತೋ.
ಎರಡು ದಿನ ಮಾತಿಲ್ಲ.
ಮೂರನೇ ದಿನ ಅವರೇ ಬೋರ್ಡು ಇಳಿಸಿ
ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಿದರು.
ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಈಗ ಬೆಳಗಿನ ಕತ್ತಲಲ್ಲಿ ಗೋಡೆಯಾಚೆಯಿಂದ ಕೂಗು:
'ಚಾಚಾ, ಕಣ್ಣು ಹತ್ತಿಬಿಡ್ತು, ತಾಸು ಹೆಚ್ಚಿಗಿ ನೆಂದೈತಿ.'
ಚಾಚಾ ಬೈಯುತ್ತಾನೆ, ಚೆನ್ನಾಗಿಯೇ ಬೈಯುತ್ತಾನೆ,
ಬೈಯುತ್ತಲೇ ಎರಡು ಬೊಗಸೆ ಹೊಟ್ಟು ಕಮ್ಮಿ ಹಾಕುತ್ತಾನೆ.
ಹಾಲಮ್ಮ ಉಪ್ಪಿನ ಕೈ ಬಿಗಿ ಹಿಡಿಯುತ್ತಾಳೆ.
ಕರಿ ಮರಳಿನಲ್ಲಿ ಒಮ್ಮೆಗೇ ಬಿಳಿ ಏಳುತ್ತದೆ.
ಒಂದೊಂದು ದಿನ ಏಳುವುದಿಲ್ಲ.
ಆಗ ಮತ್ತೆ ನೆಲಕ್ಕೆ ಸುರುವಿ ಓದುತ್ತೇವೆ.

ಹಳೇ ಪುಸ್ತಕಗಳು ಕಪಾಟಿನಲ್ಲಿವೆ.
ಅವುಗಳಲ್ಲಿ ದುರುಗೇಶನ ಹೆಸರು ನಲವತ್ತೊಂದು ಸಲ,
ಸಲಕ್ಕೆ ಅರವತ್ತು ರೂಪಾಯಿ.
ಎಷ್ಟು ಅವನ ನೀರು, ಎಷ್ಟು ಬೇರೆಯವರ ಬೆಂಕಿ,
ಎಷ್ಟು ಬರೀ ನನ್ನ ಕಾಲಂ?
ಅವನು ಕೇಳಿಲ್ಲ. ನಾನೂ ಹೇಳಿಲ್ಲ.
ಭತ್ತ ನೆನೆಯುವ ರಾತ್ರಿ ನಾನೂ ನೆನೆಯುತ್ತೇನೆ,
ಹದ ಇನ್ನೂ ಬಂದಿಲ್ಲ.